ಓಣಿ ಅಗೆದು ಮೂರು ತಿಂಗಳು, ಮಗಳ ಕೆಮ್ಮು ಎರಡು ತಿಂಗಳು. ಇದು ಧೂಳೋ, ಹವೆಯೋ?

ಕೇಶ್ವಾಪುರದ ಅಪ್ಪ (ಸೋಮವಾರ, ರಾತ್ರಿ 9:42)

ಹುಬ್ಬಳ್ಳಿ-ಧಾರವಾಡದವರು ಸ್ವಲ್ಪ ಹೇಳ್ರೀ, ತಲೆ ಕೆಟ್ಟು ಹೋಗಿದೆ.

ನಮ್ಮ ಓಣಿಯಲ್ಲಿ ಪೈಪ್ ಹಾಕಲು ರಸ್ತೆ ಅಗೆದು ಮೂರು ತಿಂಗಳಾಯಿತು. ಪೈಪ್ ಇಳಿಸಿದರು, ಮಣ್ಣು ಮುಚ್ಚಿದರು, ಹೋದರು. ಡಾಂಬರು ಇನ್ನೂ ಬಂದಿಲ್ಲ. ಎರೆಮಣ್ಣು ನಿಮಗೆ ಗೊತ್ತಲ್ಲ, ಮಳೆ ಬಂದರೆ ಚಪ್ಪಲಿಗೆ ಅಂಟಿ ಕಾಲು ಎತ್ತಲು ಬಿಡುವುದಿಲ್ಲ, ಬಿಸಿಲು ಬಿದ್ದರೆ ಪೌಡರ್. ಒಂದು ಟಂಟಂ ಆಟೋ ಹೋದರೆ ಸಾಕು, ಎದುರು ಮನೆ ಕಾಣುವುದಿಲ್ಲ. ಬೆಳಿಗ್ಗೆ ಒರೆಸಿದ ಟಿವಿ ಸ್ಟ್ಯಾಂಡ್ ಮೇಲೆ ಮಧ್ಯಾಹ್ನ ಮಗಳು ಬೆರಳಿನಿಂದ ತನ್ನ ಹೆಸರು ಬರೆಯುತ್ತಾಳೆ.

ಅವಳಿಗೆ ಏಳು ವರ್ಷ. ಎರಡು ತಿಂಗಳಿಂದ ಕೆಮ್ಮು. ಮೂರು ಬಾಟಲಿ ಔಷಧಿ ಖಾಲಿ. ಒಬ್ಬ ಡಾಕ್ಟರು ಡಸ್ಟ್ ಅಲರ್ಜಿ ಅಂದರು. ಇನ್ನೊಬ್ಬರು "ಈಗಿನ ಹವೆನೇ ಹಾಗಿದೆ, ಎಲ್ಲಾ ಮಕ್ಕಳಿಗೂ ಇದೆ" ಅಂದರು. ಆಫೀಸಿನ ಗೆಳೆಯ ಇದೆಲ್ಲಾ ಹವಾಮಾನ ಬದಲಾವಣೆ ಅಂತಾನೆ. ನಮ್ಮವ್ವ ಒಂದೇ ಮಾತು: "ಫ್ರಿಜ್ಜಿನ ನೀರ್ ಬಿಡಸು, ತಾನ ಕಡಿಮಿ ಆಕೈತಿ."

ಧೂಳಾದರೆ ಯಾರನ್ನಾದರೂ ಹಿಡಿದು ಕೇಳಬಹುದು. ಹವೆಯಾದರೆ ಯಾರನ್ನು ಕೇಳುವುದು?

ಚಿಗರಿ ಪ್ಯಾಸೆಂಜರ್ (9:50)

ಮೂರೇ ತಿಂಗಳಾ? ನಮ್ಮ ಓಣಿಯ ಗುಂಡಿಗೆ ಮೊನ್ನೆ ಒಂದು ವರ್ಷ ತುಂಬಿತು. ಕೇಕ್ ಒಂದು ಕತ್ತರಿಸಲಿಲ್ಲ ಅಷ್ಟೇ.

ಮಾಳಮಡ್ಡಿ ಮೇಷ್ಟ್ರು (10:05)

ನಿಮ್ಮದು ಬರೀ ಓಣಿಯ ಕಥೆ ಅಲ್ಲ. ಗಾಳಿ ಸುಧಾರಿಸಲು ಕೇಂದ್ರ ಸರ್ಕಾರ 2019ರಲ್ಲಿ ಒಂದು ಕಾರ್ಯಕ್ರಮ ಶುರು ಮಾಡಿತು. ಗಾಳಿ ಮಾನದಂಡ ಮುಟ್ಟದ ಊರುಗಳ ಪಟ್ಟಿ ಅದರಲ್ಲಿದೆ. ನಮ್ಮ ರಾಜ್ಯದಿಂದ ನಾಲ್ಕು: ಬೆಂಗಳೂರು, ದಾವಣಗೆರೆ, ಕಲಬುರಗಿ, ಮತ್ತೆ ನಮ್ಮ ಹುಬ್ಬಳ್ಳಿ-ಧಾರವಾಡ. ಮಲೆನಾಡಿನ ಸೆರಗು ಅಂತ ಎದೆ ತಟ್ಟಿಕೊಳ್ಳುವ ಊರು ಆ ಪಟ್ಟಿಯಲ್ಲಿದೆ ಅಂದರೆ ನನಗೂ ಮೊದಲು ನಂಬಿಕೆ ಬರಲಿಲ್ಲ.

ಧೂಳಿನಲ್ಲಿ ಎರಡು ಜಾತಿ. ಪಿಎಂ 10 ಅಂದರೆ ಹತ್ತು ಮೈಕ್ರಾನ್ ಮತ್ತು ಅದಕ್ಕಿಂತ ಚಿಕ್ಕ ಕಣ. ರಸ್ತೆ ಧೂಳಿನ ದಪ್ಪ ಪಾಲು ಮೂಗು, ಗಂಟಲು, ದೊಡ್ಡ ಶ್ವಾಸನಾಳದಲ್ಲಿ ಸಿಕ್ಕಿಕೊಂಡು ಕೆರಳಿಸುತ್ತದೆ. ಪಿಎಂ 2.5 ಇನ್ನೂ ಸಣ್ಣದು, ನಮ್ಮ ಕೂದಲಿನ ದಪ್ಪದ ಇಪ್ಪತ್ತನೇ ಒಂದು ಭಾಗ ಇದ್ದೀತು. ಅದು ಹೆಚ್ಚಾಗಿ ಹೊಗೆಯಿಂದ ಬರುತ್ತದೆ: ಡೀಸೆಲ್, ಕಸಕ್ಕೆ ಹಚ್ಚಿದ ಬೆಂಕಿ, ಸೌದೆ ಒಲೆ. ಅದು ಶ್ವಾಸಕೋಶದ ತಳ ಮುಟ್ಟುತ್ತದೆ, ರಕ್ತಕ್ಕೂ ಇಳಿಯುತ್ತದೆ. ಹೃದಯಾಘಾತ, ಪಾರ್ಶ್ವವಾಯುಗಳಿಗೂ ಇದಕ್ಕೂ ನಂಟಿದೆ.

ನಮ್ಮ ದೇಶದ ಮಿತಿಯಲ್ಲಿ ಪಿಎಂ 2.5ರ ವರ್ಷದ ಸರಾಸರಿ ಒಂದು ಘನ ಮೀಟರ್ ಗಾಳಿಗೆ 40 ಮೈಕ್ರೋಗ್ರಾಂ ದಾಟಬಾರದು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಅದನ್ನು 5ಕ್ಕೆ ಇಳಿಸಿತು. ಅಂದರೆ ನಮ್ಮಲ್ಲಿ "ಪಾಸ್" ಆದ ಗಾಳಿ ಅವರ ಲೆಕ್ಕದಲ್ಲಿ ಎಂಟು ಪಟ್ಟು ಫೇಲ್.

ಹಳೇ ಹುಬ್ಬಳ್ಳಿ ಹುಡುಗ (10:11)

ಸರ್, ಫೋನಿನಲ್ಲಿ ಗಾಳಿಯ ಗುಣಮಟ್ಟ ತೋರಿಸುವ ಸಮೀರ್ ಆ್ಯಪ್ ಈಗ ತೆಗೆದು ನೋಡಿದೆ. ಹುಬ್ಬಳ್ಳಿಗೆ ಹಸಿರು ತೋರಿಸುತ್ತಿದೆ. ಸುಮ್ನೆ ಹೆದರಿಸಬೇಡಿ.

ಮಾಳಮಡ್ಡಿ ಮೇಷ್ಟ್ರು (10:19)

ತಮ್ಮಾ, ಗಾಳಿ ಅಳೆಯುವ ಆ ಯಂತ್ರ ಇರುವುದು ದೇಶಪಾಂಡೆ ನಗರದಲ್ಲಿ. ಅದು ತನ್ನ ಮೂಗಿಗೆ ಬಂದದ್ದನ್ನು ಹೇಳುತ್ತದೆ. ಇವರ ಓಣಿಯ ಟಂಟಂ ಅದಕ್ಕೇನು ಗೊತ್ತು? ಮಳೆ ಬಿದ್ದ ಮರುದಿನ ಎಲ್ಲಾ ಕಡೆ ಹಸಿರೇ ಇರುತ್ತದೆ. ಡಿಸೆಂಬರ್, ಜನವರಿಯ ನಸುಕಿನಲ್ಲಿ ನೋಡು. ಆಗ ತಂಪು ಗಾಳಿ ಕೆಳಗೇ ಕೂತಿರುತ್ತದೆ, ಹೊಗೆ ಮೇಲೆ ಹೋಗುವುದಿಲ್ಲ.

ನರ್ಸಕ್ಕ (10:40)

ಕೇಶ್ವಾಪುರದ ಅಣ್ಣಾರೆ, ಮಗುವನ್ನು ನೋಡದೆ ನಾನು ಕಾಯಿಲೆಯ ಹೆಸರು ಹೇಳುವುದಿಲ್ಲ. ಮಕ್ಕಳ ವಾರ್ಡಿನಲ್ಲಿ 14 ವರ್ಷ ಕೆಲಸ ಮಾಡಿದ್ದೇನೆ, ಆ ಬುದ್ಧಿ ಬಂದಿದೆ. ಆದರೆ ಕೆಲವು ಪ್ರಶ್ನೆ ಕೇಳುತ್ತೇನೆ, ನಿಜ ಹೇಳಿ.

ಕೆಮ್ಮು ಯಾವಾಗ ಜಾಸ್ತಿ, ಹಗಲೋ ನಸುಕಿನಲ್ಲೋ? ಓಡಿದರೆ, ಜೋರಾಗಿ ನಕ್ಕರೆ ಬರುತ್ತಾ? ಬೆನ್ನಿಗೆ ಕಿವಿ ಇಟ್ಟರೆ ಸುಂಯ್ ಅನ್ನುತ್ತಾ? ಮನೆಯಲ್ಲಿ ಯಾರಿಗಾದರೂ ದಮ್ಮು ಇತ್ತಾ? ಅವಳು ಮಲಗುವ ಕೋಣೆಯಲ್ಲಿ ರಾತ್ರಿ ಏನೇನು ಹಚ್ಚುತ್ತೀರಿ?

ಇನ್ನೊಂದು ಮಾತು. ಎರಡು ವಾರ ದಾಟಿದ ಕೆಮ್ಮು ಯಾರಿಗೇ ಇರಲಿ, ಟಿಬಿ ಅಲ್ಲ ಅಂತ ಒಮ್ಮೆ ಖಾತ್ರಿ ಮಾಡಿಕೊಳ್ಳಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಆ ಪರೀಕ್ಷೆಗೆ ದುಡ್ಡಿಲ್ಲ. ಹೆದರಬೇಡಿ, ಹತ್ತರಲ್ಲಿ ಒಂಬತ್ತು ಮಂದಿ "ಧೂಳು, ಧೂಳು" ಅಂತ ಕಾಲ ಕಳೆಯುತ್ತಾರೆ, ಅದಕ್ಕೆ ಹೇಳಿದೆ.

ಗೋಕುಲ ರೋಡ್ ಇಂಜಿನಿಯರ್ (11:02)

ನನಗೆ ಸಿಟ್ಟು ಬರುವುದು ಆ "ಹವೆನೇ ಹಾಗಿದೆ" ಅನ್ನುವ ಮಾತಿಗೆ. ಕ್ಲೈಮೇಟ್ ಚೇಂಜ್ ಈಗ ಎಲ್ಲರಿಗೂ ಸಿಕ್ಕ ಚಾದರ. ರಸ್ತೆ ಮುಚ್ಚದಿದ್ದರೂ ಅದನ್ನೇ ಹೊದಿಸುತ್ತಾರೆ, ಚರಂಡಿ ತೆಗೆಯದಿದ್ದರೂ ಅದನ್ನೇ. ಅಗೆದ ಮಣ್ಣಿಗೆ ದಿನಕ್ಕೆ ಎರಡು ಸಲ ನೀರು ಹೊಡೆಯಬೇಕು, ಮಣ್ಣು ಸಾಗಿಸುವ ಟ್ರ್ಯಾಕ್ಟರಿಗೆ ತಾಡಪತ್ರಿ ಕಟ್ಟಬೇಕು. ಇದು ಕೆಲಸ ಹಿಡಿದವರ ಕರ್ತವ್ಯ. ಇದಕ್ಕೂ ಹಿಮಾಲಯದ ಹಿಮಕ್ಕೂ ಏನು ಸಂಬಂಧ?

ಎರೆಹೊಲ, ನರಗುಂದ (11:20)

ಇಂಜಿನಿಯರ್ ಸಾಹೇಬ್ರೇ, ನಿಮಗೆ ಚಾದರ, ನಮಗೆ ಅದೇ ಬದುಕು. 2019ರ ಆಗಸ್ಟಿನಲ್ಲಿ ಮಲಪ್ರಭೆ ಒಂದು ಕಡೆ, ಬೆಣ್ಣಿಹಳ್ಳ ಒಂದು ಕಡೆ ಏರಿ ಬಂದವು. ನಮ್ಮ ಮನೆಯಲ್ಲಿ ಮೊಣಕಾಲುದ್ದ ರಾಡಿ. ಜೋಳದ ಚೀಲ ಮೊಳಕೆ ಬಂದು ನಾರುತ್ತಿದ್ದವು. ನೀರು ಇಳಿದ ಮೇಲೆ ಶುರುವಾಯಿತು ನೋಡಿ: ವಾಂತಿ, ಭೇದಿ, ಕಾಲ್ಬೆರಳ ಸಂದಿನಲ್ಲಿ ಹುಣ್ಣು. ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿ ಹಾಕಿ ಚಹಾ ಕೂಡ ಅದೇ ವಾಸನೆ.

ನಾಲ್ಕು ವರ್ಷ ಬಿಟ್ಟು 2023ರಲ್ಲಿ ರಾಜ್ಯದ 236 ತಾಲ್ಲೂಕಿನಲ್ಲಿ 223 ಬರ. ಆವಾಗ ನಮ್ಮ ಹೆಣ್ಣುಮಕ್ಕಳು ಹೊಲದಲ್ಲಿ ನೀರೇ ಕುಡಿಯುತ್ತಿರಲಿಲ್ಲ. ಕುಡಿದರೆ ಮರೆ ಹುಡುಕಬೇಕು, ಎರೆ ಹೊಲದಲ್ಲಿ ಮರ ಎಲ್ಲಿವೆ? ಉರಿಮೂತ್ರ, ಜ್ವರ. ನಮ್ಮ ಅತ್ತಿಗೆಗೆ ಎರಡು ಸಲ ಆಸ್ಪತ್ರೆ. ಬಿಸಿಲಿನ ಕಾಯಿಲೆ ಅಂದರೆ ಬರೀ ತಲೆ ತಿರುಗಿ ಬೀಳುವುದು ಅಂತ ತಿಳಿದಿದ್ದೀರಾ?

ಗೋಕುಲ ರೋಡ್ ಇಂಜಿನಿಯರ್ (11:31)

ಅಣ್ಣಾ, ನಿಮ್ಮ ಕಷ್ಟ ಅಲ್ಲಗಳೆಯುವುದಿಲ್ಲ. ಆದರೆ ಹಳ್ಳದಲ್ಲಿ ಜಾಲಿ ಬೆಳೆದು ಹೂಳು ತುಂಬಿದ್ದೂ ನಿಜ ತಾನೇ? ಮಳೆ ಆಕಾಶದ್ದು, ಹೂಳು ನಮ್ಮದು.

ಎರೆಹೊಲ, ನರಗುಂದ (11:36)

ಅದೂ ಖರೆ. ಹೂಳು ತೆಗೆಯಿರಿ ಅಂತ ನಾವೂ ಅರ್ಜಿ ಕೊಟ್ಟು ಕೊಟ್ಟು ಸಾಕಾಗಿದೆ.

ಕೇಶ್ವಾಪುರದ ಅಪ್ಪ (ಮಂಗಳವಾರ, ಬೆಳಿಗ್ಗೆ 7:15)

ನರ್ಸಕ್ಕಾ, ನಿನ್ನೆ ರಾತ್ರಿ ಎಚ್ಚರ ಇದ್ದು ನೋಡಿದೆ. ನಸುಕಿನ ಮೂರು, ಮೂರೂವರೆಗೆ ಶುರು. ಎದ್ದು ಕೂತು ಕೆಮ್ಮುತ್ತಾಳೆ. ಬೆನ್ನಿಗೆ ಕಿವಿ ಇಟ್ಟೆ, ಕುಕ್ಕರ್ ಸೀಟಿಗೆ ಮುಂಚೆ ಬರುತ್ತದಲ್ಲ, ಆ ಥರದ ಸಣ್ಣ ಸದ್ದು. ನಮ್ಮಪ್ಪನಿಗೆ ದಮ್ಮು ಇತ್ತು.

ಹಚ್ಚುವುದು ಅಂದರೆ ಸೊಳ್ಳೆ ಕಾಯಿಲ್. ದಿನಾ ಒಂದು. ಯಾಕೆ ಅಂದರೆ ನಮ್ಮಲ್ಲಿ ನಳ ವಾರಕ್ಕೊಮ್ಮೆ. ಪಡಸಾಲೆಯಲ್ಲಿ ನಾಲ್ಕು ಬ್ಯಾರಲ್ ತುಂಬಿಟ್ಟಿರುತ್ತೇವೆ. ಹೋದ ವರ್ಷ ಪಕ್ಕದ ಮನೆ ಹುಡುಗನಿಗೆ ಡೆಂಗಿ ಆಗಿ ಐದು ದಿನ ಸಲೈನ್ ಹಚ್ಚಿದ್ದರು. ಆವತ್ತಿನಿಂದ ಕಾಯಿಲ್ ತಪ್ಪಿಸಿಲ್ಲ. ಧೂಳು ಒಳಗೆ ಬರದಿರಲಿ ಅಂತ ಕಿಟಕಿನೂ ಮುಚ್ಚುತ್ತೇವೆ.

ಬರೆಯುತ್ತಾ ಬರೆಯುತ್ತಾ ನನಗೇ ಹೊಳೆಯಿತು ಅನಿಸುತ್ತೆ.

ನರ್ಸಕ್ಕ (7:48)

ಹೊಳೆಯಿತಲ್ಲ, ಇನ್ನು ನಾನು ಬಯ್ಯುವುದಿಲ್ಲ. ಹತ್ತಕ್ಕೆ ಹತ್ತರ ಕೋಣೆ, ಕಿಟಕಿ ಬಂದ್, ಎಂಟು ಗಂಟೆ ಹೊಗೆ. ಧೂಳು ಹಗಲಿನ ಪಾಳಿ, ಕಾಯಿಲ್ ರಾತ್ರಿ ಪಾಳಿ. ಮಗುವಿಗೆ ಬಿಡುವೇ ಇಲ್ಲ. ಇವತ್ತೇ ನಿಲ್ಲಿಸಿ, ಸೊಳ್ಳೆ ಪರದೆ ಕಟ್ಟಿ. ಅಗರಬತ್ತಿ, ಧೂಪ ದೇವರ ಕೋಣೆಯಲ್ಲಿ ಇರಲಿ, ಅವಳ ಕೋಣೆಗೆ ಬೇಡ. ಮತ್ತೆ ಮಕ್ಕಳ ಡಾಕ್ಟರ ಹತ್ತಿರ ಹೋಗಿ ಆ ಸದ್ದಿನ ವಿಷಯ ಹೇಳಿ. ನಿಮ್ಮಪ್ಪನಿಗೆ ದಮ್ಮು ಇತ್ತು ಅನ್ನುವುದನ್ನೂ ಬಿಡದೆ ಹೇಳಿ.

ಮಾಳಮಡ್ಡಿ ಮೇಷ್ಟ್ರು (8:10)

2003ರಲ್ಲಿ ಈ ಕಾಯಿಲ್‌ಗಳ ಮೇಲೆ ಒಂದು ಅಧ್ಯಯನ ಬಂದಿತ್ತು. ಒಂದು ಕಾಯಿಲ್ ಪೂರ್ತಿ ಉರಿದರೆ ಬಿಡುವ ಪಿಎಂ 2.5, 75ರಿಂದ 137 ಸಿಗರೇಟು ಸುಟ್ಟಷ್ಟು. ಮಕ್ಕಳ ಮುಂದೆ ಒಂದು ಬೀಡಿ ಹಚ್ಚಿದರೆ ನಾವು ಜಗಳ ಆಡುತ್ತೇವೆ, ಕಾಯಿಲ್ ಮಾತ್ರ ಕೈಯಾರೆ ಮಂಚದ ಕೆಳಗೆ ಇಡುತ್ತೇವೆ.

ಹಳೇ ಹುಬ್ಬಳ್ಳಿ ಹುಡುಗ (8:14)

ನೂರು ಸಿಗರೇಟಾ? ಸರ್, ನಮ್ಮ ಅಜ್ಜ ಬೀಡಿ ಬಿಟ್ಟು ಹತ್ತು ವರ್ಷ ಆಯಿತು. ಕಾಯಿಲ್ ಮಾತ್ರ ದಿನಾ ಎರಡು.

ಟಾರ್ಚ್ ಅಕ್ಕ (9:30)

ನಾನು ಧಾರವಾಡದಲ್ಲಿ ಆಶಾ ಕಾರ್ಯಕರ್ತೆ. ಟಾರ್ಚ್ ಹಿಡಿದು ನಿಮ್ಮ ಬ್ಯಾರಲ್ ಇಣುಕುವವಳು ನಾನೇ, ನೀವು ಬಾಗಿಲು ತೆಗೆಯದೆ "ನಮ್ಮನ್ಯಾಗ ಇಲ್ಲ ಹೋಗ್ರಿ" ಅನ್ನುವವರು!

ಅಣ್ಣಾ, ನೀವು ರಾತ್ರಿ ಕಾಯಿಲ್ ಹಚ್ಚಿ ಓಡಿಸುತ್ತಿರುವುದು ಡೆಂಗಿ ಸೊಳ್ಳೆಯನ್ನಲ್ಲ. ಕಿವಿಯಲ್ಲಿ ಗುಂಯ್ ಅಂತ ರಾತ್ರಿ ಕಚ್ಚುವುದು ಹೆಚ್ಚಾಗಿ ಚರಂಡಿ ಸೊಳ್ಳೆ, ಕೊಳೆ ನೀರಿನದು. ಡೆಂಗಿಯದು ಕಾಲಿನ ಮೇಲೆ ಬಿಳಿ ಪಟ್ಟೆ ಇರುವುದು. ಅದಕ್ಕೆ ಬೇಕಾದದ್ದು ನಿಮ್ಮ ಬ್ಯಾರಲ್ಲಿನ ತಿಳಿ ನೀರು. ಅದು ಹಗಲು ಕಚ್ಚುತ್ತದೆ, ಬೆಳಿಗ್ಗೆ ಮತ್ತು ಸಂಜೆ ಬೆಳಕು ಇರುವಾಗ ಜಾಸ್ತಿ. ಅಂದರೆ ಮಗಳು ಸಾಲಿಯಲ್ಲಿ ಬೆಂಚಿನ ಮೇಲೆ ಕೂತಾಗ.

ಇನ್ನು ಬ್ಯಾರಲ್. ಎಲ್ಲರೂ ನೀರು ಚೆಲ್ಲಿ ಹಾಗೇ ಮತ್ತೆ ತುಂಬುತ್ತಾರೆ. ಮೊಟ್ಟೆ ನೀರಿನಲ್ಲಿ ಇರುವುದಿಲ್ಲ ರೀ, ನೀರಿನ ಗೆರೆ ಮೇಲೆ ಗೋಡೆಗೆ ಅಂಟಿರುತ್ತದೆ, ಸಾಸಿವೆಗಿಂತ ಸಣ್ಣ ಕರಿ ಚುಕ್ಕೆ. ಒಣಗಿದರೂ ತಿಂಗಳುಗಟ್ಟಲೆ ಬದುಕಿರುತ್ತದೆ. ಮತ್ತೆ ನೀರು ತಾಗಿದರೆ ಒಡೆಯುತ್ತದೆ. ನಾರು ತೆಗೆದುಕೊಂಡು ಗರಗರ ಉಜ್ಜಬೇಕು, ಅದೂ ವಾರಕ್ಕೊಮ್ಮೆ. ಯಾಕೆ ಅಂದರೆ ಬೇಸಿಗೆಯಲ್ಲಿ ಮೊಟ್ಟೆಯಿಂದ ಸೊಳ್ಳೆ ಆಗಲು ಒಂದು ವಾರ, ಹತ್ತು ದಿನ ಸಾಕು. ಬಾಯಿಗೆ ಹಳೇ ಸೀರೆ ಎರಡು ಪದರ ಕಟ್ಟಿ. ಮುಚ್ಚಳ ಇದೆ ಅಂತೀರಿ, ಮಗ್ ಇಣುಕುವಷ್ಟು ಸಂದು ಬಿಟ್ಟಿರುತ್ತೀರಿ.

ಗೋಕುಲ ರೋಡ್ ಇಂಜಿನಿಯರ್ (9:55)

2024ರಲ್ಲಿ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ಅಂತ ಘೋಷಿಸಿ, ಮನೆಯಲ್ಲಿ ಲಾರ್ವಾ ಸಿಕ್ಕರೆ ದಂಡ ಅಂತ ನಿಯಮ ತಂದಿತು. ನಗರದಲ್ಲಿ 400 ರೂಪಾಯಿ. ನಳ ವಾರಕ್ಕೊಮ್ಮೆ ಬಿಟ್ಟವರು ಯಾರಿಗೆ ದಂಡ ಕಟ್ಟುತ್ತಾರೆ? ಬ್ಯಾರಲ್ ನಾವು ಶೋಕಿಗೆ ಇಟ್ಟಿದ್ದೇವಾ?

ಟಾರ್ಚ್ ಅಕ್ಕ (10:02)

ನನ್ನ ಮೇಲೆ ಯಾಕೆ ಹರಿಹಾಯುತ್ತೀರಿ ಸರ್, ನಮ್ಮನೆಯಲ್ಲೂ ಮೂರು ಬ್ಯಾರಲ್ ಇವೆ.

ಚಿಗರಿ ಪ್ಯಾಸೆಂಜರ್ (10:10)

ಇದು ಇಂಜಿನಿಯರ್ ಸರ್ ಹೇಳಿದ ಮೊದಲ ಸರಿಯಾದ ಮಾತು. ಹುಬ್ಬಳ್ಳಿಯಲ್ಲಿ ಹೆಣ್ಣು ಕೊಡುವ ಮುಂಚೆ "ಹುಡುಗನ ಪಗಾರ ಎಷ್ಟು" ಅಂತ ಕೇಳಿ ಆಮೇಲೆ "ನಳ ಎಷ್ಟು ದಿನಕ್ಕೆ" ಅಂತ ಕೇಳುತ್ತಾರೆ. 2008ರ ಹೊತ್ತಿಗೆ ಕೆಲವು ವಾರ್ಡಿಗೆ 24 ಗಂಟೆ ನೀರು ಬಂತು. ಆ ಕಡೆ ನಮ್ಮ ಚಿಕ್ಕಮ್ಮನ ಮನೆ ಇದೆ, ಬ್ಯಾರಲ್ ಮಾರಿಬಿಟ್ಟಿದ್ದಾರೆ. ನಮ್ಮ ವಾರ್ಡು ಇನ್ನೂ ಸರದಿಯಲ್ಲಿದೆ.

ಮಾಳಮಡ್ಡಿ ಮೇಷ್ಟ್ರು (10:45)

ಹವೆ ಅನ್ನುವವರು, ನಳ ಅನ್ನುವವರು, ಇಲ್ಲಿ ಇಬ್ಬರೂ ಸರಿ, ಇಬ್ಬರೂ ಅರ್ಧ. ಬ್ಯಾರಲ್ ಇರುವುದು ನಳ ಬಾರದ್ದಕ್ಕೆ. ಅದಕ್ಕೂ ಹವಾಮಾನಕ್ಕೂ ಸಂಬಂಧ ಕಡಿಮೆ. ಆದರೆ ಬ್ಯಾರಲ್ಲಿನೊಳಗೆ ನಡೆಯುವುದಕ್ಕೆ ಸಂಬಂಧ ಇದೆ. ರೋಗಿಯ ರಕ್ತ ಹೀರಿದ ಸೊಳ್ಳೆ ತಕ್ಷಣ ಇನ್ನೊಬ್ಬರಿಗೆ ಡೆಂಗಿ ಕೊಡಲಾರದು, ವೈರಸ್ ಅದರ ಹೊಟ್ಟೆಯಲ್ಲಿ ಬೆಳೆದು ಜೊಲ್ಲಿಗೆ ಬರಬೇಕು. 25 ಡಿಗ್ರಿಯಲ್ಲಿ ಅದಕ್ಕೆ ಸುಮಾರು ಎರಡು ವಾರ ಬೇಕು. 30 ಡಿಗ್ರಿಯಲ್ಲಿ ಒಂದೇ ವಾರ. ಸೊಳ್ಳೆಯ ಆಯಸ್ಸೇ ಕೆಲವು ವಾರ. ಎರಡು ವಾರ ಕಾಯಬೇಕಾದರೆ ಅರ್ಧ ಸೊಳ್ಳೆ ದಾರಿಯಲ್ಲೇ ಸಾಯುತ್ತವೆ, ಒಂದು ವಾರ ಆದರೆ ಬದುಕಿ ಕಚ್ಚುತ್ತವೆ. ಅಳತೆ ಶುರುವಾದಾಗಿನಿಂದ ಅತಿ ಬಿಸಿಯ ವರ್ಷ 2024. ಧಾರವಾಡದಲ್ಲಿ ಫ್ಯಾನ್ ಇಲ್ಲದೆ ಬೇಸಿಗೆ ಕಳೆದವನು ನಾನು. ಈಗ ಸಾಧನಕೇರಿಯ ದಂಡೆಯ ಮನೆಗಳಲ್ಲೂ ಎಸಿ ಡಬ್ಬಿ ಕಾಣುತ್ತಿದೆ.

ಸಪ್ತಾಪುರ ರೂಮ್ ನಂ. 6 (11:30)

ನಾನು ಕೆಎಎಸ್‌ಗೆ ಓದುತ್ತಿದ್ದೇನೆ, ಸಪ್ತಾಪುರದಲ್ಲಿ ಮೇಲ್ಮಹಡಿ ತಗಡಿನ ರೂಮು. ಮೂರು ಜನ. ಏಪ್ರಿಲ್‌ನಲ್ಲಿ ಮಧ್ಯಾಹ್ನ ಪುಸ್ತಕದ ಅಂಟು ಕರಗಿ ಹಾಳೆ ಕೈಗೆ ಬರುತ್ತದೆ. ಹೋದ ವರ್ಷ ನನಗೂ ಡೆಂಗಿ ಆಗಿತ್ತು. ಜ್ವರ ನಾಲ್ಕನೇ ದಿನ ಇಳಿಯಿತು, ಆರಾಮ ಆಯಿತು ಅಂತ ಲೈಬ್ರರಿಗೆ ಹೋದೆ. ಸಂಜೆ ಹೊಟ್ಟೆ ನೋವು, ವಾಂತಿ, ಕಣ್ಣು ಕತ್ತಲೆ. ರೂಮ್‌ಮೇಟ್ ಬೈಕಿನ ನಡುವೆ ಕೂರಿಸಿಕೊಂಡು ಹೋದ. ಜ್ವರ ಇಳಿಯುವ ಹೊತ್ತೇ ಅಪಾಯ ಅಂತ ಆಮೇಲೆ ಹೇಳಿದರು.

ಬೈಲಹೊಂಗಲ ಕಾಕಾ (11:41)

ಪಪ್ಪಾಯಿ ಎಲೆ ರಸ ಕುಡಿಯಬೇಕಿತ್ತು ತಮ್ಮಾ. ಒಂದೇ ರಾತ್ರಿಗೆ ಪ್ಲೇಟ್ಲೆಟ್ ಏರುತ್ತವೆ. ನಮ್ಮ ಮನೆಯಲ್ಲಿ ಸ್ವತಃ ನೋಡಿದ್ದೇನೆ.

ನರ್ಸಕ್ಕ (11:55)

ಕಾಕಾ, ಆ ಹೊತ್ತಿಗೆ ಪ್ಲೇಟ್ಲೆಟ್ ತಾನಾಗೇ ಏರುವುದಿತ್ತು. ಡೆಂಗಿಯಲ್ಲಿ ಜೀವ ಹೋಗುವುದು ಬಹಳ ಸಲ ರಕ್ತನಾಳದಿಂದ ನೀರು ಸೋರಿ ಬಿಪಿ ಬೀಳುವುದರಿಂದ. ಎಲೆ ರಸ ಕುಡಿದು ವಾಂತಿ ಮಾಡಿಕೊಂಡು ಇನ್ನಷ್ಟು ನೀರು ಕಳೆದುಕೊಂಡು ಬರುವವರನ್ನು ನಾನೂ ಸ್ವತಃ ನೋಡಿದ್ದೇನೆ. ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು. ಮೈ ನೋವು ಅಂತ ಅಂಗಡಿಯಿಂದ ಬ್ರೂಫೆನ್ ತಂದು ನುಂಗಬಾರದು, ರಕ್ತಸ್ರಾವ ಜಾಸ್ತಿಯಾಗಬಹುದು.

ಬೈಲಹೊಂಗಲ ಕಾಕಾ (12:01)

ನಿಮ್ಮ ಇಂಗ್ಲಿಷ್ ಔಷಧ ನಿಮಗೆ, ನಮ್ಮ ಎಲೆ ನಮಗೆ.

ಬ್ಯಾಡಗಿ ಘಾಟು (ಮಧ್ಯಾಹ್ನ 1:20)

ನಿಮ್ಮ ಧೂಳು ಏನು ಮಹಾ, ನಮ್ಮ ಪೇಟೆಗೆ ಬನ್ನಿ. ಮೆಣಸಿನಕಾಯಿ ಸೀಸನ್‌ನಲ್ಲಿ ಬಸ್ ಇಳಿಯುವ ಮೊದಲೇ ಸೀನು. ಪರ ಊರಿನವರು ಕೆಮ್ಮಿ ಸಾಯುತ್ತಾರೆ, ನಾವು ನಗುತ್ತೇವೆ. ಆದರೆ ದಿನಾ ತೊಟ್ಟು ಬಿಡಿಸುವ ಹೆಣ್ಣುಮಕ್ಕಳು ನಗುವುದಿಲ್ಲ. ನಮ್ಮ ದೊಡ್ಡವ್ವ 20 ವರ್ಷ ಕೂತಿದ್ದಳು. ಸೆರಗನ್ನು ಮೂಗಿಗೆ ಕಟ್ಟಿಕೊಂಡೇ ಮಾತಾಡುವ ರೂಢಿ, ಮನೆಗೆ ಬಂದರೂ ಬಿಚ್ಚುತ್ತಿರಲಿಲ್ಲ. ಕೈ ಉರಿಗೆ ರಾತ್ರಿ ಮೊಸರು ಹಚ್ಚಿಕೊಂಡು ಮಲಗುತ್ತಿದ್ದಳು.

ಹವೆ ವಿಷಯ ಬಂತಲ್ಲ, ಒಂದು ಹೇಳುತ್ತೇನೆ. ಕಣದಲ್ಲಿ ಕಾಯಿ ಒಣಗಲು ಹಾಕಿದಾಗ ಅಕಾಲದ ಮಳೆ ಬಿದ್ದರೆ ಬೂಸ್ಟು ಹಿಡಿಯುತ್ತದೆ. ಆ ಬೂಸ್ಟಿನಲ್ಲಿ ಅಫ್ಲಟಾಕ್ಸಿನ್ ಅನ್ನುವ ವಿಷ ಆಗಬಹುದು, ಲಿವರಿಗೆ ಕೆಟ್ಟದ್ದು. ಒಳ್ಳೆ ಕಾಯಿ ಪೇಟೆಗೆ ಹೋಗುತ್ತದೆ. ಕಪ್ಪಾದದ್ದು, ಬಿಳಿಯಾದದ್ದು ಅಗ್ಗಕ್ಕೆ ಹೋಗುತ್ತದೆ. ಅಗ್ಗದ ಖಾರದ ಪುಡಿ ಯಾರು ತಿನ್ನುತ್ತಾರೆ ಅಂತ ನಾನು ಹೇಳಬೇಕಾ?

ಮುಂಡರಗಿ ಬೋರ್‌ವೆಲ್ (1:45)

ನೀವೆಲ್ಲಾ ಗಾಳಿ, ಸೊಳ್ಳೆ ಅಂತೀರಿ. ನಮ್ಮ ಗದಗ ಜಿಲ್ಲೆ ಕಡೆ ನಕ್ಕರೆ ಗೊತ್ತಾಗುತ್ತದೆ ಯಾವ ಊರಿನವರು ಅಂತ. ಹಲ್ಲಿನ ಮೇಲೆ ಕಂದು ಪಟ್ಟೆ. ಫ್ಲೋರೈಡ್. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ಮಳೆ ಕೈಕೊಟ್ಟಾಗೆಲ್ಲ ಬೋರು ಇನ್ನಷ್ಟು ಆಳಕ್ಕೆ ಹೋಗುತ್ತದೆ, ಆಳಕ್ಕೆ ಹೋದಷ್ಟೂ ಬಂಡೆಯ ಉಪ್ಪು ಜಾಸ್ತಿ. ನನ್ನ ಸೋದರಮಾವ 50ಕ್ಕೇ ಬಗ್ಗಿ ನಡೆಯುತ್ತಾನೆ, ಕತ್ತು ತಿರುಗಿಸಲು ಮೈಯೆಲ್ಲಾ ತಿರುಗಿಸಬೇಕು.

ಒಂದು ತಪ್ಪು ತಿಳಿವಳಿಕೆ: ಕಾಯಿಸಿದರೆ ಹೋಗುತ್ತದೆ ಅಂತ. ಹೋಗುವುದಿಲ್ಲ, ನೀರು ಆವಿಯಾಗಿ ಫ್ಲೋರೈಡ್ ಇನ್ನೂ ಗಟ್ಟಿಯಾಗುತ್ತದೆ. ಕೊಡ ಹಿಡಿದು ಶುದ್ಧ ನೀರಿನ ಘಟಕಕ್ಕೆ ಹೋಗಬೇಕು, ಕಾಯಿನ್ ಹಾಕಬೇಕು. ಘಟಕ ಕೆಟ್ಟರೆ ಮತ್ತೆ ಅದೇ ಬೋರು.

ಹಳೇ ಹುಬ್ಬಳ್ಳಿ ಹುಡುಗ (2:10)

ಹೊರಗೆ ಗಾಳಿ ಕೆಟ್ಟಿದೆ, ಒಳಗೆ ಕಾಯಿಲ್, ಬ್ಯಾರಲ್ಲಿನಲ್ಲಿ ಹುಳ, ಬೋರಿನಲ್ಲಿ ಫ್ಲೋರೈಡ್. ಸಂಜೆ ಒಂದು ಗಿರ್ಮಿಟ್ಟು, ಎರಡು ಮಿರ್ಚಿಯಾದರೂ ನೆಮ್ಮದಿಯಿಂದ ತಿನ್ನಲು ಬಿಡಿ.

ಗೋಕುಲ ರೋಡ್ ಇಂಜಿನಿಯರ್ (2:14)

ಯಾವ ಪೇಪರಿನಲ್ಲಿ ಕಟ್ಟಿ ಕೊಡುತ್ತಾರೆ ಅದನ್ನು? ಬಿಸಿ ಎಣ್ಣೆಗೆ ಶಾಯಿ ಇಳಿಯುತ್ತದೆ. ಆಹಾರ ಸುರಕ್ಷತಾ ಪ್ರಾಧಿಕಾರದವರು ಪದೇ ಪದೇ ಬೇಡ ಅಂದಿದ್ದಾರೆ.

ಹಳೇ ಹುಬ್ಬಳ್ಳಿ ಹುಡುಗ (2:15)

ಸಾಕು ಬಿಡ್ರೀ ಸರ್ 😭

ಚಿಗರಿ ಪ್ಯಾಸೆಂಜರ್ (3:00)

ಮರದ ಮಾತು ಯಾರೂ ಎತ್ತಲಿಲ್ಲ. ಪಿ.ಬಿ. ರೋಡಿನ ಎರಡೂ ಬದಿ ಇದ್ದ ದೊಡ್ಡ ಮರಗಳು ನೆನಪಿವೆಯಾ? ಬಿಆರ್‌ಟಿಎಸ್‌ನ ಚಿಗರಿ ಬಸ್ಸಿಗೆ ರಸ್ತೆ ಅಗಲ ಮಾಡುವಾಗ ಹೋದವು. ಈಗ ಬಸ್ಸಿನೊಳಗೆ ಎಸಿ ತಂಪು, ಇಳಿದರೆ ಕಾವಲಿ.

ನವನಗರ ವಾಕರ್ (3:12)

ಆ ಬಸ್ ಇಲ್ಲದಿದ್ದರೆ ಅಷ್ಟೂ ಜನ ಬೈಕಿನಲ್ಲಿ ಬರುತ್ತಿದ್ದರು. ಅದರ ಹೊಗೆ ಲೆಕ್ಕ ಹಾಕಿದ್ದೀರಾ? ನಿಮ್ಮ ಹೆಸರೇ ಚಿಗರಿ ಪ್ಯಾಸೆಂಜರ್, ಹತ್ತಿ ಕೂತು ಬಯ್ಯುತ್ತೀರಿ!

ಚಿಗರಿ ಪ್ಯಾಸೆಂಜರ್ (3:15)

ಬಸ್ಸನ್ನು ಬೈದಿಲ್ಲ. ಕಡಿದ ಜಾಗದಲ್ಲಿ ನೆರಳು ಬರುವ ಗಿಡ ಹಚ್ಚಿ ಅಂದೆ. ಶೋ ಗಿಡ ಹಚ್ಚಿದರೆ ಅದರ ಕೆಳಗೆ ನಾಯಿ ಕೂಡ ಮಲಗುವುದಿಲ್ಲ.

ಮಾಳಮಡ್ಡಿ ಮೇಷ್ಟ್ರು (3:30)

ಗಿಡದ ರಾಜಕೀಯಕ್ಕೆ ನಮ್ಮ ಕಡೆ ಹಳೇ ಇತಿಹಾಸ ಇದೆ. 1987ರ ನವೆಂಬರ್ 14ರಂದು ಹಾವೇರಿ ಕಡೆಯ ಕುಸನೂರಿನಲ್ಲಿ ಜನ ನೀಲಗಿರಿ ಸಸಿ ಕಿತ್ತು, ತಮಗೆ ಬೇಕಾದ ಗಿಡ ಹಚ್ಚಿದರು. ಕಿತ್ತಿಕೋ-ಹಚ್ಚಿಕೋ ಸತ್ಯಾಗ್ರಹ. ಆಗ ಹಾವೇರಿ ಇನ್ನೂ ನಮ್ಮ ಜಿಲ್ಲೆಯಲ್ಲೇ ಇತ್ತು.

ನವನಗರ ವಾಕರ್ (3:41)

ಅದಿರಲಿ, ಕಸಕ್ಕೆ ಬೆಂಕಿ ಹಚ್ಚುವುದಕ್ಕೆ ಏನು ಮಾಡುವುದು? ಬೆಳಿಗ್ಗೆ ಆರಕ್ಕೆ ವಾಕಿಂಗ್ ಹೋದರೆ ದಾರಿಯಲ್ಲಿ ನಾಲ್ಕು ಕಡೆ ಒಣ ಎಲೆ ಗುಡ್ಡೆ ಮಾಡಿ, ಜೊತೆಗೆ ಪ್ಲಾಸ್ಟಿಕ್ ಸೇರಿಸಿ ಬೆಂಕಿ. ಆರೋಗ್ಯಕ್ಕೆ ಅಂತ ಹೋಗಿ ಹೊಗೆ ಕುಡಿದು ಬರುತ್ತೇನೆ. ಬಯಲಲ್ಲಿ ಕಸ ಸುಟ್ಟರೆ 5,000 ರೂಪಾಯಿ ದಂಡ ಅಂತ ಹಸಿರು ನ್ಯಾಯಮಂಡಳಿ 2016ರಲ್ಲೇ ಹೇಳಿದೆ. ಹೇಳಿದರೆ "ಚಳಿ ಕಾಯಿಸಾಕತ್ತೇವ್ರಿ" ಅಂತಾರೆ. ಮೇ ತಿಂಗಳಲ್ಲಿ!

ಸಪ್ತಾಪುರ ರೂಮ್ ನಂ. 6 (4:05)

ಬಿಸಿಲಿಗೆ ಏನಾದರೂ ಉಪಾಯ ಹೇಳಿ, ಅಕ್ಕಾ, ಸರ್. ಮಾಲೀಕರು ಕೂಲರ್ ಹಚ್ಚಲು ಬಿಡುವುದಿಲ್ಲ.

ನರ್ಸಕ್ಕ (4:30)

ತಗಡಿನ ಮೇಲೆ ಬಿಳಿ ಸುಣ್ಣ ಬಳಿಯಿರಿ, ಒಳಗೆ ಒಂದಷ್ಟು ಡಿಗ್ರಿ ಕಡಿಮೆಯಾಗುತ್ತದೆ. ಮಾಲೀಕರಿಗೂ ಅಷ್ಟು ಖರ್ಚಿಲ್ಲ. ಬೆವರು ಸುರಿದರೆ ಬರೀ ನೀರು ಸಾಲದು. ಒಂದು ಲೀಟರ್ ಶುದ್ಧ ನೀರಿಗೆ ಚಹಾ ಚಮಚದಲ್ಲಿ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಎರಡನ್ನೂ ಚಮಚದ ಅಂಚಿಗೆ ಮಟ್ಟ ಮಾಡಿ ಹಾಕಿ. ಉಪ್ಪು ಹಾಕಿದ ಮಜ್ಜಿಗೆ, ಅಂಬಲಿಯೂ ಆಗುತ್ತದೆ.

ಯಾರಿಗಾದರೂ ಮೈ ಕೆಂಡವಾಗಿ ಮಾತು ತಡವರಿಸಿದರೆ ಅದು ಬಿಸಿಲು ಹೊಡೆತ. ಮೈ 40 ಡಿಗ್ರಿ ದಾಟಿರುತ್ತದೆ. ಆಗ ಜ್ವರದ ಮಾತ್ರೆ ಕೆಲಸ ಮಾಡುವುದಿಲ್ಲ. ನೆರಳಿಗೆ ಎಳೆದು ಮೈ ತುಂಬಾ ನೀರು ಸುರಿದು ಗಾಳಿ ಹಾಕಿ, 108ಕ್ಕೆ ಫೋನ್ ಮಾಡಿ. ಎಚ್ಚರ ಇಲ್ಲದವರ ಬಾಯಿಗೆ ನೀರು ಬಿಡಬೇಡಿ. ಮೂಗಿಗೆ ಉಳ್ಳಾಗಡ್ಡಿ ಹಿಡಿಯುತ್ತಾ ಕೂತು ಹೊತ್ತು ಕಳೆಯಬೇಡಿ, ಕಾಕಾ ಬರುವ ಮುಂಚೆ ಹೇಳಿಬಿಡುತ್ತೇನೆ.

ಬೈಲಹೊಂಗಲ ಕಾಕಾ (4:38)

ನಾನು ಏನೂ ಅಂದೇ ಇಲ್ಲ!

ಕೇಶ್ವಾಪುರದ ಅಪ್ಪ (12 ದಿನಗಳ ನಂತರ, ರಾತ್ರಿ 8:55)

ಎಲ್ಲರಿಗೂ ಒಂದು ಸುದ್ದಿ. ಮಕ್ಕಳ ಡಾಕ್ಟರು ನೋಡಿದರು. ಟಿಬಿ ಅಲ್ಲ. ಬಾಲ್ಯದ ದಮ್ಮು ಇರಬಹುದು, ಔಷಧಿ ಕೊಟ್ಟು ನೋಡೋಣ ಅಂದರು. ಎಳೆದುಕೊಳ್ಳುವ ಪಂಪ್ (ಇನ್ಹೇಲರ್) ಕೊಟ್ಟಿದ್ದಾರೆ, ಜೊತೆಗೆ ಉದ್ದದ ಪ್ಲಾಸ್ಟಿಕ್ ಡಬ್ಬಿ. ಡಬ್ಬಿ ಒಂದು ಬದಿಗೆ ಪಂಪ್, ಇನ್ನೊಂದು ಬದಿಗೆ ಮಗಳ ಬಾಯಿ. ಮೊದಲ ದಿನ "ಇದು ಪೀಪಿನಾ" ಅಂತ ಊದಿಬಿಟ್ಟಳು.

ಮನೆಯಲ್ಲಿ ದೊಡ್ಡ ಜಗಳ. ಅವ್ವ ಎರಡು ದಿನ ಮಾತು ಬಿಟ್ಟಿದ್ದಳು. "ನಿಮ್ಮಪ್ಪ ಪಂಪ್ ಹಿಡಿದಾಂವ ಸಾಯೂತನಕಾ ಬಿಡಲಿಲ್ಲ, ಕೂಸಿಗೂ ಚಟಾ ಹಚ್ಚತಿಯಾ?" ಅಂತ.

ಕಾಯಿಲ್ ನಿಲ್ಲಿಸಿದೆವು. ಪರದೆ ತಂದೆ. ಸಂಜೆ ಟಂಟಂ ಓಡಾಟ ನಿಂತ ಮೇಲೆ ಹಿಂದಿನ ಕಿಟಕಿ ತೆಗೆಯುತ್ತೇವೆ. ಕಸಬರಿಗೆ ಬಿಟ್ಟು ಒದ್ದೆ ಬಟ್ಟೆಯಲ್ಲೇ ನೆಲ ಒರೆಸುತ್ತೇವೆ. ಐದನೇ ದಿನದಿಂದ ನಸುಕಿನ ಕೆಮ್ಮು ಕಡಿಮೆ. ಮೊನ್ನೆ ರಾತ್ರಿ ಪೂರ್ತಿ ಮಲಗಿದಳು, ನಾನೇ ಮೂರು ಗಂಟೆಗೆ ರೂಢಿಯಂತೆ ಎದ್ದು ಕೂತೆ. ಪಂಪ್‌ನಿಂದ ಆಯಿತೋ, ಕಾಯಿಲ್ ಬಿಟ್ಟದ್ದಕ್ಕೋ ಗೊತ್ತಿಲ್ಲ. ಎಲ್ಲಾ ಒಟ್ಟಿಗೆ ಮಾಡಿದ್ದರಿಂದ ಲೆಕ್ಕ ಸಿಗಲ್ಲ.

ರಸ್ತೆ ಮಾತ್ರ ಹಾಗೇ ಇದೆ. ಓಣಿಯವರು 31 ಮಂದಿ ಸಹಿ ಮಾಡಿ ಅರ್ಜಿ ಕೊಟ್ಟೆವು, ಮಗಳು ಟಿವಿ ಸ್ಟ್ಯಾಂಡ್ ಮೇಲೆ ಹೆಸರು ಬರೆದ ಫೋಟೋ ಸಮೇತ. ತೆಗೆದುಕೊಂಡವರು ಫೋಟೋ ನೋಡಿ "ಅಕ್ಷರ ಚಂದ ಇದೆ" ಅಂದರು. ಇಂಜಿನಿಯರ್ ಸರ್, ಆವಾಗ ನೀವು ನೆನಪಾದಿರಿ.

ನರ್ಸಕ್ಕ (9:10)

ಅಮ್ಮನಿಗೆ ಹೀಗೆ ಹೇಳಿ ನೋಡಿ: ಮಾತ್ರೆ, ಸಿರಪ್ ಹೊಟ್ಟೆಗೆ ಹೋಗಿ ಮೈಯೆಲ್ಲಾ ಸುತ್ತುತ್ತವೆ, ಪಂಪ್ ನೇರ ಎದೆಗೆ ಹೋಗುತ್ತದೆ. ಅದಕ್ಕೇ ಔಷಧದ ಅಳತೆ ಮಿಲಿಗ್ರಾಂನಲ್ಲಿ ಅಲ್ಲ, ಮೈಕ್ರೋಗ್ರಾಂನಲ್ಲಿ. ಚಟ ಹತ್ತುವ ವಸ್ತು ಅದರಲ್ಲಿಲ್ಲ. ಎಳೆದ ಮೇಲೆ ಬಾಯಿ ಮುಕ್ಕಳಿಸಿ ಉಗುಳಿಸಿ, ಇಲ್ಲದಿದ್ದರೆ ನಾಲಿಗೆ ಮೇಲೆ ಬಿಳಿ ಹುಣ್ಣಾಗಬಹುದು. ಕೆಮ್ಮು ನಿಂತಿತು ಅಂತ ನೀವೇ ನಿಲ್ಲಿಸಬೇಡಿ, ಡಾಕ್ಟರು ಹೇಳುವವರೆಗೆ ಇರಲಿ.

ಗೋಕುಲ ರೋಡ್ ಇಂಜಿನಿಯರ್ (9:18)

ಅರ್ಜಿಗೆ ಸ್ವೀಕೃತಿ ಮುದ್ರೆ ಹಾಕಿಸಿಕೊಂಡಿದ್ದೀರಾ? ಇಲ್ಲದಿದ್ದರೆ ನಾಳೆ "ಬಂದೇ ಇಲ್ಲ" ಅಂತಾರೆ. 15 ದಿನ ಬಿಟ್ಟು ಮಾಹಿತಿ ಹಕ್ಕಿನಲ್ಲಿ ಕೇಳಿ, ಟೆಂಡರಿನಲ್ಲಿ ರಸ್ತೆ ಮೊದಲಿನಂತೆ ಮಾಡಿಕೊಡುವ ಖರ್ಚು ಸೇರಿದೆಯಾ ಅಂತ. ನಾನು ಬರೆದುಕೊಡುತ್ತೇನೆ, ಮೆಸೇಜ್ ಮಾಡಿ.

ಟಾರ್ಚ್ ಅಕ್ಕ (9:25)

ಎಲ್ಲಾ ಸರಿ ಅಣ್ಣಾ, ಬ್ಯಾರಲ್?

ಕೇಶ್ವಾಪುರದ ಅಪ್ಪ (9:31)

ಮೂರಕ್ಕೆ ಸೀರೆ ಕಟ್ಟಿದೆ ಅಕ್ಕಾ. ನಾಲ್ಕನೆಯದರ ಬಾಯಿ ಒಡೆದಿದೆ, ಕಟ್ಟಿದ್ದು ನಿಲ್ಲುವುದಿಲ್ಲ. ಅದರಲ್ಲೇ ಮೊನ್ನೆ ಹುಳ ಕಂಡವು. ನಾಳೆ ನಳ ಬರುವ ದಿನ, ನಸುಕಿನ ನಾಲ್ಕಕ್ಕೆ ಬಿಡುತ್ತಾರೆ. ಅಷ್ಟರಲ್ಲಿ ಖಾಲಿ ಮಾಡಿ ಉಜ್ಜಬೇಕು. ಹೋಗಿ ಬರುತ್ತೇನೆ.

ಹಳೇ ಹುಬ್ಬಳ್ಳಿ ಹುಡುಗ (9:33)

ನಾಳೆ ನಳ ಕೇಶ್ವಾಪುರಕ್ಕಾ? ಮತ್ತೆ ನಮ್ಮ ಕಡೆಗೆ ಯಾವಾಗ, ಯಾರಿಗಾದರೂ ಗೊತ್ತಾ?